ಅರಿತವರ ಋಣ

ದ್ರವ್ಯವನ್ನು ಕೂಡಿಟ್ಟವನನ್ನು ಲೋಕವು ಲುಬ್ಧನೆಂದು ಕರೆಯುತ್ತದೆ. ಅರಿವನ್ನು ಕೂಡಿಟ್ಟವನಿಗೆ ಅಂತಹ ಹೆಸರು ಸುಲಭವಾಗಿ ಅಂಟುವುದಿಲ್ಲ. ಆತನು ಗಂಭೀರನೆಂದೂ, ಮಿತಭಾಷಿಯೆಂದೂ, ತನ್ನ ಕಾರ್ಯದಲ್ಲಿ ಮಗ್ನನಾದವನೆಂದೂ ಹೊಗಳಿಸಿಕೊಳ್ಳುವುದೇ ಹೆಚ್ಚು. ಅರಿವು ನಕ್ಷತ್ರಗಳ ಗತಿಯನ್ನೋ ಹಳೆಯ ಶಾಸನವೊಂದರ ಕಾಲವನ್ನೋ ಕುರಿತದ್ದಾಗಿದ್ದರೆ ಈ ಹೊಗಳಿಕೆಯಿಂದ ಯಾರಿಗೂ ಹಾನಿಯಿಲ್ಲ. ಆದರೆ ಅದು ಊರಿನ ಬಾವಿಯ ನೀರನ್ನು ಕುರಿತದ್ದಾದರೆ, ಬಲ್ಲವನ ಮೌನಕ್ಕೂ ಆ ನೀರನ್ನು ಸೇದಿಕೊಳ್ಳುವವಳ ಮಕ್ಕಳ ಆರೋಗ್ಯಕ್ಕೂ ನೇರವಾದ ಸಂಬಂಧವೇರ್ಪಡುತ್ತದೆ. ತಿಳಿದವನಿಗೆ ತಿಳಿಸುವ ಹೊಣೆಯುಂಟೆ? ಉಂಟಾದರೆ, ಎಷ್ಟು ತಿಳಿದ ಮೇಲೆ, ಯಾರಿಗೆ, ಯಾವ ಮಾತಿನಲ್ಲಿ? ಆ ಮಾತನ್ನು ಮನೆಮನೆಗೆ ಮುಟ್ಟಿಸುವ ಪತ್ರಿಕಾಕರ್ತನ ಪಾಲು ಎಷ್ಟು? ಇವು ವಿಜ್ಞಾನದ ಪ್ರಶ್ನೆಗಳಂತೆ ತೋರಿದರೂ ವಾಸ್ತವವಾಗಿ ಧರ್ಮವಿಚಾರಕ್ಕೆ ಸೇರಿದವು.

ಹಿರಿಯರು ಮನುಷ್ಯನಿಗೆ ಹುಟ್ಟಿನಿಂದಲೇ ಮೂರು ಋಣಗಳುಂಟೆಂದು ಹೇಳಿದರು. ಅವುಗಳಲ್ಲಿ ಋಷಿಋಣವು ಅಧ್ಯಯನದಿಂದ ತೀರತಕ್ಕದ್ದು. ಕಲಿತದ್ದನ್ನು ಮುಂದಿನವರಿಗೆ ಒಪ್ಪಿಸದಿದ್ದರೆ ಕಲಿಕೆಯ ಸರಣಿಯೇ ಮುರಿಯುವುದರಿಂದ, ಅಧ್ಯಯನದೊಳಗೆ ಅಧ್ಯಾಪನವೂ ಅಡಗಿದೆಯೆಂದು ತಿಳಿಯಬೇಕು. ಈ ಕಾಲದ ಶಾಸ್ತ್ರಜ್ಞನ ಋಣವು ಇನ್ನೂ ದೊಡ್ಡದು. ಆತನ ವಿದ್ಯಾಭ್ಯಾಸಕ್ಕೆ ಪ್ರಜೆಗಳ ತೆರಿಗೆಯ ಹಣ ಸಂದಿದೆ. ಆತನು ಪರೀಕ್ಷಿಸುವ ನೀರು ಪ್ರಜೆಗಳ ಕೆರೆಯದು. ಆತನ ಪ್ರಬಂಧಕ್ಕೆ ವಸ್ತುವಾದ ಕಷ್ಟವು ಅವರೇ ಅನುಭವಿಸಿದ್ದು. ಹೀಗಿರಲು, ಆ ಪ್ರಬಂಧವು ದೂರದೇಶದ ಪತ್ರಿಕೆಯೊಂದರಲ್ಲಿ ಅಚ್ಚಾದೊಡನೆ ಋಣವು ತೀರಿತೆಂದು ಭಾವಿಸುವುದು ನ್ಯಾಯವೆ?

೧

ಈ ವಿಚಾರಕ್ಕೆ ಬೆಂಗಳೂರಿನ ಹೊರವಲಯಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ. ನಗರದ ಪೂರ್ವಕ್ಕೆ ಬೆಳ್ಳಂದೂರು ಕೆರೆಯಿದೆ. ಸುಮಾರು ೯೦೦ ಎಕರೆಗಳಷ್ಟು ವಿಸ್ತಾರವಾದ, ನಗರದ ಕೆರೆಗಳಲ್ಲೆಲ್ಲ ದೊಡ್ಡದಾದ ಕೆರೆ. ಕೋರಮಂಗಲ ಮತ್ತು ಚಲ್ಲಘಟ್ಟದ ಕಣಿವೆಯ ನೀರೆಲ್ಲ ಅದರೊಳಕ್ಕೆ ಇಳಿಯುತ್ತದೆ. ಅದು ತುಂಬಿ ಹರಿದ ನೀರು ವರ್ತೂರು ಕೆರೆಯನ್ನು ಸೇರಿ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಕೂಡಿಕೊಳ್ಳುತ್ತದೆ. ಒಂದು ಕಾಲಕ್ಕೆ ಗದ್ದೆಗಳಿಗೆ ನೀರುಣಿಸಿದ ಈ ಸರಪಳಿಯು, ನಗರವು ವೈಟ್‌ಫೀಲ್ಡಿನವರೆಗೂ ಚಾಚಿದಂತೆಲ್ಲ, ಶುದ್ಧಿಯಾಗದ ಕೊಳಚೆಯ ಹಾದಿಯಾಯಿತು. ೨೦೧೫ರ ಬೇಸಗೆಯಲ್ಲಿ ಯಮಲೂರಿನ ಬಳಿಯೂ ವರ್ತೂರು ಕೋಡಿಯಲ್ಲಿಯೂ ಬಿಳಿಯ ನೊರೆಯು ಆಳೆತ್ತರಕ್ಕೆದ್ದು, ಗಾಳಿಗೆ ಹಾರಿ, ದಾರಿಹೋಕರ ಮೇಲೆ ಬಿದ್ದಿತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿತು. ೨೦೧೭ರ ಫೆಬ್ರವರಿಯಲ್ಲಿಯೂ ೨೦೧೮ರ ಜನವರಿಯಲ್ಲಿಯೂ ಕೆರೆಯು ಮತ್ತೆ ಉರಿಯಿತು. ನೀರು ಉರಿಯುವ ಚಿತ್ರವು ಲೋಕದ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಹಸುರು ನ್ಯಾಯಮಂಡಳಿಯು ೨೦೧೭ರಲ್ಲಿ ತಾನಾಗಿಯೇ ಈ ವಿಷಯವನ್ನು ವಿಚಾರಣೆಗೆ ಎತ್ತಿಕೊಂಡಿತು.

ನಗರದ ವಾಯವ್ಯಕ್ಕೆ ಪೀಣ್ಯವಿದೆ. ಸಣ್ಣವೂ ದೊಡ್ಡವೂ ಆದ ಸಾವಿರಾರು ಕಾರ್ಖಾನೆಗಳ ಆ ಪ್ರದೇಶದಲ್ಲಿ ಲೋಹಕ್ಕೆ ಮೆರುಗಿನ ಲೇಪ ಕೊಡುವ ಕೆಲಸವು ಬಹುಕಾಲದಿಂದ ನಡೆದಿದೆ. ಆ ಕೆಲಸದಲ್ಲಿ ಬಳಸುವ ಕ್ರೋಮಿಯಂ ಎಂಬ ಧಾತುವು ನೆಲಕ್ಕಿಳಿದು ಅಂತರ್ಜಲದಲ್ಲಿ ಬೆರೆತಿರುವುದನ್ನು ಸರ್ಕಾರದ ಇಲಾಖೆಗಳೂ ಸಂಶೋಧಕರೂ ವರದಿಮಾಡಿದ್ದಾರೆ. ಈ ಧಾತುವಿಗೆ ಎರಡು ರೂಪಗಳು ಮುಖ್ಯವಾದವು. ಒಂದು ಅಷ್ಟಾಗಿ ಕರಗದೆ ಮಣ್ಣಿಗೆ ಅಂಟಿಕೊಳ್ಳುತ್ತದೆ. ಇನ್ನೊಂದು ನೀರಿನಲ್ಲಿ ಸರಾಗವಾಗಿ ಕರಗಿ ದೂರ ಹರಿಯುತ್ತದೆ, ಮತ್ತು ಅದೇ ವಿಷಕಾರಿಯಾದುದು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ ೦.೦೫ ಮಿಲಿಗ್ರಾಂ ಮೀರಕೂಡದೆಂದು ಭಾರತೀಯ ಮಾನಕವು ವಿಧಿಸಿದೆ. ಈ ಮಿತಿಯನ್ನು ಕೆಲವು ಮಡಿ ದಾಟಿದ ನೀರೂ ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ, ನೊರೆಯಿಲ್ಲ, ನಾತವಿಲ್ಲ. ಕಾಯಿಸಿ ಆರಿಸಿ ಕುಡಿಯುವ ಮನೆವಂದಿಗರು ತಾವು ಜೋಪಾನವಾಗಿದ್ದೇವೆಂದು ನಂಬುತ್ತಾರೆ. ಕಾಯಿಸುವುದರಿಂದ ರೋಗಾಣುಗಳು ಸಾಯುವುದು ನಿಜ, ಕ್ರೋಮಿಯಂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆಯು ಹೆಚ್ಚುತ್ತದೆ.

ಎರಡೂ ಕಡೆ ಕೆಟ್ಟದ್ದು ನೀರೇ. ಆದರೂ ಒಂದರ ಸುದ್ದಿಯು ಖಂಡಾಂತರಗಳಿಗೆ ಹಬ್ಬಿತು, ಇನ್ನೊಂದರ ಸುದ್ದಿಯು ಬಹುಮಟ್ಟಿಗೆ ವರದಿಗಳ ಪುಟಗಳಲ್ಲಿಯೇ ಉಳಿಯಿತು. ಕಾರಣವು ಸರಳವಾದುದು: ನೊರೆಯು ಕಾಣುತ್ತದೆ, ಕ್ರೋಮಿಯಂ ಕಾಣುವುದಿಲ್ಲ. ವಾರ್ತಾಪತ್ರಿಕೆಯು ಘಟನೆಯನ್ನು ಅರಸುತ್ತದೆ; ಮಾಲಿನ್ಯವೆಂಬುದಾದರೋ ವರ್ಷವರ್ಷವೂ ಕೂಡುತ್ತ ಬರುವ ಒಂದು ಸ್ಥಿತಿ. ಘಟನೆಗೆ ದಿನಾಂಕವುಂಟು, ಸ್ಥಿತಿಗೆ ಇಲ್ಲ. ಕಣ್ಣಿಗೆ ಬೀಳದ ಅಪಾಯವನ್ನು ಬುದ್ಧಿಗೆ ಕಾಣಿಸುವುದೇ ಶಾಸ್ತ್ರಜ್ಞನೂ ಪತ್ರಿಕಾಕರ್ತನೂ ಕೂಡಿ ಮಾಡಬೇಕಾದ ಕಾರ್ಯ. ಅವರಿಬ್ಬರಿಗೂ ಶಿಕ್ಷಣವು ಬೇಕಾಗಿರುವುದೂ ಈ ಕಾರ್ಯಕ್ಕಾಗಿಯೇ.

೨

ಮೊದಲು ಶಾಸ್ತ್ರಜ್ಞನ ಕಡೆಯನ್ನು ವಿಚಾರಿಸಬೇಕು. ಆತನ ಮೌನವೆಲ್ಲವೂ ಹೇಡಿತನವಲ್ಲ. ಸಂಶಯವು ಆತನ ವೃತ್ತಿಯ ಶೀಲ. ಹತ್ತು ಬಾವಿಗಳ ನೀರನ್ನು ಪರೀಕ್ಷಿಸಿದವನು ಹನ್ನೊಂದನೆಯ ಬಾವಿಯನ್ನು ಕುರಿತು ಮಾತನಾಡಲು ಹಿಂಜರಿಯುತ್ತಾನೆ. ಮಳೆಗಾಲದ ಅಂಕಿಯಿಂದ ಬೇಸಗೆಯನ್ನು ಊಹಿಸಲೊಲ್ಲನು. ಈ ಎಚ್ಚರಿಕೆಯಿಲ್ಲದಿದ್ದರೆ ವಿಜ್ಞಾನಕ್ಕೂ ಗಾಳಿಮಾತಿಗೂ ಭೇದವೇ ಉಳಿಯದು. ಆದರೆ ಸಂಶಯದಲ್ಲಿ ಎರಡು ವಿಧಗಳುಂಟೆಂಬುದನ್ನು ಮರೆಯಬಾರದು. ಒಂದು, ಇನ್ನೂ ತಿಳಿಯಬೇಕೆಂಬ ಸಂಶಯ. ಇನ್ನೊಂದು, ತಿಳಿದಷ್ಟನ್ನು ಆಡದಿರಲು ನೆಪವಾಗುವ ಸಂಶಯ. ಮೊದಲನೆಯದು ಪ್ರಯೋಗಶಾಲೆಗೆ ಭೂಷಣ. ಎರಡನೆಯದು ಅದರ ವೇಷವನ್ನೇ ತೊಟ್ಟು ಬರುವುದರಿಂದ, ಅದನ್ನು ಗುರುತಿಸುವುದು ತೊಟ್ಟವನಿಗೂ ಕಷ್ಟವಾಗುತ್ತದೆ.

ಜಪಾನಿನ ಮಿನಮಾತ ಎಂಬ ಕಡಲತಡಿಯ ಊರಿನ ವೃತ್ತಾಂತವು ಇಲ್ಲಿ ಸ್ಮರಣಾರ್ಹವಾದುದು. ಅಲ್ಲಿನ ರಾಸಾಯನಿಕ ಕಾರ್ಖಾನೆಯ ಆಸ್ಪತ್ರೆಗೆ ಹೊಸೊಕಾವ ಹಾಜಿಮೆ ಎಂಬ ವೈದ್ಯರು ಮುಖ್ಯಸ್ಥರಾಗಿದ್ದರು. ಕೈಕಾಲುಗಳ ಹಿಡಿತ ತಪ್ಪಿ, ಮಾತು ತೊದಲುವ ವಿಚಿತ್ರ ರೋಗವೊಂದು ಬೆಸ್ತರ ಮಕ್ಕಳಲ್ಲಿ ಕಾಣಿಸಿಕೊಂಡಾಗ, ೧೯೫೬ರ ಮೇ ತಿಂಗಳಲ್ಲಿ ಅದನ್ನು ಅಧಿಕಾರಿಗಳ ಗಮನಕ್ಕೆ ತಂದವರು ಅವರ ಆಸ್ಪತ್ರೆಯವರೇ. ೧೯೫೯ರಲ್ಲಿ ಅವರು ಕಾರ್ಖಾನೆಯ ತ್ಯಾಜ್ಯಜಲವನ್ನು ಬೆಕ್ಕೊಂದಕ್ಕೆ ಆಹಾರದೊಡನೆ ಉಣಿಸಿ ನೋಡಿದರು. ಬೆಕ್ಕಿಗೆ ಅದೇ ರೋಗವು ಬಂದಿತು. ಕಾರ್ಖಾನೆಯ ಆಡಳಿತದವರು ಆ ಫಲಿತಾಂಶವನ್ನು ಹೊರಗೆಡಹಲಿಲ್ಲ. ವೈದ್ಯರೂ ಸುಮ್ಮನಾದರು. ಪಾದರಸದಿಂದ ಕೂಡಿದ ಆ ನೀರು ೧೯೬೮ರ ವರೆಗೂ ಕಡಲಿಗೆ ಹರಿಯಿತು. ೧೯೭೦ರಲ್ಲಿ, ಮರಣಶಯ್ಯೆಯಲ್ಲಿದ್ದಾಗ, ಅವರು ನ್ಯಾಯಾಲಯದ ಮುಂದೆ ಸತ್ಯವನ್ನು ನುಡಿದರು.

ಈ ವೈದ್ಯರು ದುಷ್ಟರಾಗಿರಲಿಲ್ಲ. ರೋಗಿಗಳಲ್ಲಿ ಕನಿಕರವುಳ್ಳವರು, ರೋಗದ ಮೂಲವನ್ನು ಶ್ರದ್ಧೆಯಿಂದ ಹುಡುಕಿದವರು. ಒಂದು ಬೆಕ್ಕಿನಿಂದ ಸಿದ್ಧಾಂತವಾಗದೆಂಬ ಮಾತು ಶಾಸ್ತ್ರದೃಷ್ಟಿಯಿಂದ ಸರಿಯೇ. ಆದರೆ ಸಿದ್ಧಾಂತಕ್ಕೆ ಬೇಕಾದ ನಿಶ್ಚಯವೇ ಬೇರೆ, ಎಚ್ಚರಿಕೆಗೆ ಬೇಕಾದ ನಿಶ್ಚಯವೇ ಬೇರೆ. ಹುಲ್ಲಿನ ಬಣವೆಯಿಂದ ಹೊಗೆ ಬರುತ್ತಿರುವುದನ್ನು ಕಂಡವನು ಬೆಂಕಿಯ ಕಾರಣವನ್ನು ನಿರ್ಣಯಿಸಿದ ಮೇಲೆಯೇ ಕೂಗುವೆನೆನ್ನುವುದಿಲ್ಲ. ‘ಇಷ್ಟು ಕಂಡಿದೆ, ಇಷ್ಟು ಕಂಡಿಲ್ಲ, ನಿಶ್ಚಯವಾಗುವ ತನಕ ಈ ನೀರನ್ನು ಕುಡಿಯದಿರುವುದು ಲೇಸು’ ಎಂದು ಹೇಳುವುದರಿಂದ ವಿಜ್ಞಾನದ ಮಾನಕ್ಕೆ ಕುಂದಿಲ್ಲ. ಸಂದೇಹವನ್ನು ಮರೆಮಾಡದೆ ಸಂದೇಹದೊಡನೆಯೇ ಮಾತನಾಡುವುದನ್ನು ಶಾಸ್ತ್ರಜ್ಞನು ಕಲಿಯಬೇಕಾಗಿದೆ. ಇದೇ ಆತನ ಶಿಕ್ಷಣದ ಮೊದಲನೆಯ ಪಾಠ.

೩

ಪತ್ರಿಕಾಕರ್ತನ ದೋಷವು ಇದಕ್ಕೆ ವಿರುದ್ಧವಾದುದು. ಆತನಿಗೆ ಸಂಜೆಯೊಳಗೆ ಬರೆದು ಮುಗಿಸಬೇಕಾದ ಅವಸರ. ಒಂದು ಕಾರಣ, ಒಬ್ಬ ಅಪರಾಧಿ, ಒಂದು ಶಿರೋನಾಮೆ ಬೇಕು. ಬೆಳ್ಳಂದೂರಿನ ನೊರೆಗೆ ಒಂದೇ ಕಾರಣವಿದ್ದಿದ್ದರೆ ಎಷ್ಟು ಅನುಕೂಲವಾಗುತ್ತಿದ್ದಿತು! ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವಿವರಿಸಿದ ಬಗೆಯು ಅಷ್ಟು ಸುಲಭವಾಗಿಲ್ಲ. ಬಟ್ಟೆ ಒಗೆಯುವ ಪುಡಿಯಲ್ಲಿನ ನೊರೆಕಾರಕ ದ್ರವ್ಯವು ಕೊಳಚೆಯೊಡನೆ ಕೆರೆಗಿಳಿದು, ಪೂರ್ತಿಯಾಗಿ ಜೀರ್ಣವಾಗದೆ, ತಳದ ಹೂಳಿನಲ್ಲಿ ಸೇರಿಕೊಳ್ಳುತ್ತದೆ. ಭಾರಿ ಮಳೆಯು ಬಂದಾಗ ಹೂಳು ಕದಡುತ್ತದೆ. ಆ ನೀರು ಕೋಡಿಯ ಎತ್ತರದಿಂದ ಧುಮುಕುವಾಗ ಗಾಳಿಯೊಡನೆ ಬೆರೆತು ನೊರೆಯಾಗುತ್ತದೆ. ನೀರಿನಲ್ಲಿ ತೇಲುವ ಕಣಗಳೂ ಕೆಲವು ಸೂಕ್ಷ್ಮಜೀವಿಗಳೂ ಆ ನೊರೆಯು ಒಡೆಯದಂತೆ ಮಾಡುತ್ತವೆ. ಈ ವಿವರಣೆಯಲ್ಲಿ ಕಾರ್ಖಾನೆಯೊಂದೇ ಅಪರಾಧಿಯಲ್ಲ. ಪ್ರತಿಯೊಂದು ಮನೆಯ ಬಚ್ಚಲೂ ಪಾಲುದಾರ. ಓದುಗನನ್ನೇ ಪಾಲುದಾರನೆಂದು ಹೇಳುವ ವಾರ್ತೆಯು ಜನಪ್ರಿಯವಾಗುವುದು ಕಷ್ಟ. ಆದರೂ ಅದನ್ನು ಹೇಳದೆ ಬಿಟ್ಟರೆ ಹೇಳಿದ್ದೆಲ್ಲವೂ ಅರ್ಧಸತ್ಯವಾಗುತ್ತದೆ.

ಅರ್ಧಸತ್ಯದ ಅಪಾಯವು ಕೋಲಾರದ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿ ತೋರಿತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ದಿನಕ್ಕೆ ೪೪೦ ದಶಲಕ್ಷ ಲೀಟರುಗಳಂತೆ ಕೋಲಾರದ ಸೀಮೆಯ ೧೨೬ ಕೆರೆಗಳಿಗೆ ಹರಿಸುವ ಯೋಜನೆಯು ೨೦೧೮ರ ಜೂನ್ ತಿಂಗಳಲ್ಲಿ ಆರಂಭವಾಯಿತು. ಮರುತಿಂಗಳೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆಯು ಕಾಣಿಸಿಕೊಂಡಿತು. ವ್ಯಾಜ್ಯವು ಉಚ್ಚ ನ್ಯಾಯಾಲಯವನ್ನೂ, ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. ಒಂದು ಕಡೆಯವರು ಇದನ್ನು ವಿಷವೆಂದರು. ಇನ್ನೊಂದು ಕಡೆಯವರು ಬತ್ತಿದ ಕೊಳವೆಬಾವಿಗಳಲ್ಲಿ ಮತ್ತೆ ನೀರು ಬಂದುದನ್ನು ತೋರಿಸಿ ಭಾಗ್ಯವೆಂದರು. ಸಾವಿರ ಅಡಿ ಕೊರೆದರೂ ನೀರು ಕಾಣದ ನಾಡಿನ ರೈತನಿಗೆ ಎರಡು ಮಾತುಗಳೂ ಬೇಕಾಗಿರಲಿಲ್ಲ. ಆತನು ಕೇಳುತ್ತಿದ್ದ ಪ್ರಶ್ನೆಗಳು ಬೇರೆ: ಈ ನೀರಿನಲ್ಲಿ ರಾಗಿ ಬೆಳೆಯಬಹುದೆ? ಸೊಪ್ಪುತರಕಾರಿ ಬೆಳೆಯಬಹುದೆ? ಹಸುವಿಗೆ ಕುಡಿಸಬಹುದೆ? ಕೆರೆಯ ಪಕ್ಕದ ಬಾವಿಯ ನೀರನ್ನು ಮಗುವಿಗೆ ಕೊಡಬಹುದೆ? ಪರೀಕ್ಷೆಯನ್ನು ಯಾರು ಮಾಡುತ್ತಾರೆ, ವರ್ಷಕ್ಕೆ ಎಷ್ಟು ಬಾರಿ?

ಈ ಪ್ರಶ್ನೆಗಳಲ್ಲಿ ಒಂದಕ್ಕೆ ಹೌದೆಂದೂ, ಇನ್ನೊಂದಕ್ಕೆ ಅಲ್ಲವೆಂದೂ, ಮತ್ತೊಂದಕ್ಕೆ ಇನ್ನೂ ನೋಡಬೇಕೆಂದೂ ಉತ್ತರವಿರಬಹುದು. ವಿಷ, ಅಮೃತ ಎಂಬ ಎರಡೇ ಮಾತುಗಳನ್ನು ಬಲ್ಲ ಲೇಖನಿಯಿಂದ ಇಂತಹ ಉತ್ತರವು ಹೊರಡಲಾರದು. ಪ್ರಶ್ನೆಯನ್ನು ರೈತನು ಕೇಳಿದಂತೆಯೇ ಬಿಡಿಸಿ ಬರೆದುಕೊಂಡು ಶಾಸ್ತ್ರಜ್ಞನ ಬಳಿಗೆ ಒಯ್ಯುವುದು, ಉತ್ತರವನ್ನು ಅಷ್ಟೇ ಬಿಡಿಸಿ ರೈತನ ಬಳಿಗೆ ತರುವುದು, ಇದು ಪತ್ರಿಕಾಕರ್ತನು ಕಲಿಯಬೇಕಾದ ಪಾಠ.

೪

ಇಲ್ಲಿ ಬಲವಾದ ಎರಡು ಆಕ್ಷೇಪಗಳನ್ನು ಎದುರಿಸಬೇಕಾಗುತ್ತದೆ. ಮೊದಲನೆಯದು, ಜನರಲ್ಲಿ ಭೀತಿಯುಂಟಾಗುವುದೆಂಬುದು. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ವಾಙ್ಮಯ ತಪಸ್ಸಿನ ಲಕ್ಷಣವನ್ನು ಹೇಳುವಾಗ, ಸತ್ಯವೂ ಪ್ರಿಯವೂ ಹಿತವೂ ಆಗಿರುವುದರ ಜೊತೆಗೆ, ಮಾತು ಉದ್ವೇಗವನ್ನುಂಟುಮಾಡದಂತಿರಬೇಕೆಂದೂ ವಿಧಿಸಿದೆ. ಅಧಿಕಾರದಲ್ಲಿರುವವರು ವರದಿಗಳನ್ನು ಬೀರುವಿನಲ್ಲಿಡುವಾಗ ಈ ಕೊನೆಯ ಲಕ್ಷಣವೊಂದನ್ನೇ ನೆನೆಯುವಂತೆ ತೋರುತ್ತದೆ. ಆದರೆ ನಾಲ್ಕು ಲಕ್ಷಣಗಳನ್ನೂ ಒಟ್ಟಿಗೆ ಹೇಳಿರುವಾಗ ಒಂದರಿಂದ ಮತ್ತೊಂದನ್ನು ಹೊಡೆಯುವುದು ವ್ಯಾಖ್ಯಾನವಾಗದು. ಸತ್ಯವನ್ನು ಬಿಟ್ಟು ಉದ್ವೇಗವನ್ನು ತಡೆದರೆ ಉಳಿಯುವುದು ಶಾಂತಿಯಲ್ಲ, ನಿದ್ರೆ. ಉದ್ವೇಗವು ಹುಟ್ಟುವುದು ಬಹುಮಟ್ಟಿಗೆ ಸತ್ಯವು ತಡವಾಗಿ, ತುಂಡುತುಂಡಾಗಿ, ಬೇರೆ ದಾರಿಯಿಂದ ಬಂದಾಗ. ಅಪಾಯದೊಡನೆ ಉಪಾಯವನ್ನೂ ಹೇಳಿದರೆ ಜನರು ಧೈರ್ಯವಾಗಿಯೇ ಕೇಳುತ್ತಾರೆ. ‘ಈ ಬಾವಿಯ ನೀರನ್ನು ಕುಡಿಯಬೇಡಿ’ ಎಂದಷ್ಟೇ ಹೇಳಿ ಹೊರಟುಹೋದರೆ ಅದು ಉದ್ವೇಗಕರ. ‘ಕಾಯಿಸಿದರೆ ಸಾಲದು, ಇದನ್ನು ತೊಳೆಯುವುದಕ್ಕೆ ಬಳಸಿರಿ, ಕುಡಿಯುವ ನೀರನ್ನು ಇಂತಹ ಕಡೆಯಿಂದ ತರಿಸಿಕೊಳ್ಳಿರಿ, ಇಂತಹವರನ್ನು ಕೇಳಿರಿ’ ಎಂದರೆ ಅದು ಹಿತ.

ಎರಡನೆಯ ಆಕ್ಷೇಪವು ಇನ್ನೂ ಕಠಿನವಾದುದು, ಏಕೆಂದರೆ ಅದು ಬಡವರ ಬಾಯಿಂದ ಬರುತ್ತದೆ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಹತ್ತು ಮಂದಿ ದುಡಿಯುತ್ತಾರೆ. ಸುದ್ದಿಯು ಹಬ್ಬಿ, ಅಧಿಕಾರಿಗಳು ಬೀಗ ಹಾಕಿದರೆ ಅವರ ಒಲೆ ಆರುತ್ತದೆ. ಅದೇ ನೀರನ್ನು ಕುಡಿಯುವವರೂ ಅವರೇ. ಕೂಲಿಗೂ ಆರೋಗ್ಯಕ್ಕೂ ಹೀಗೆ ಕಲಹವೊಡ್ಡಿದಾಗ ಸತ್ಯವಕ್ತನು ಏನು ಮಾಡಬೇಕು? ಕೂಲಿಯ ಹೆಸರಿನಲ್ಲಿ ಮೌನವಾಗಿರುವುದು ಕರುಣೆಯಂತೆ ಕಂಡರೂ, ಅದು ಆ ಹತ್ತು ಮಂದಿಯ ಪರವಾಗಿ ಅವರನ್ನು ಕೇಳದೆಯೇ ತೀರ್ಮಾನ ಮಾಡಿದಂತಾಯಿತು. ಜೀವನೋಪಾಯಕ್ಕಾಗಿ ಎಷ್ಟು ಅಪಾಯವನ್ನು ಸಹಿಸಬೇಕೆಂಬುದನ್ನು ನಿರ್ಣಯಿಸುವ ಹಕ್ಕು ಸಹಿಸುವವರದು. ತಿಳಿಯದವನಿಗೆ ಆ ಹಕ್ಕು ಇದ್ದೂ ಇಲ್ಲದಂತೆ. ಆದರೆ ಹೇಳುವವನೂ ಪೂರ್ತಿಯಾಗಿ ಹೇಳಬೇಕು. ತ್ಯಾಜ್ಯಜಲವನ್ನು ಒಟ್ಟಾಗಿ ಶುದ್ಧಿಮಾಡುವ ಸ್ಥಾವರಗಳಿಂದ ಏನಾಗುವುದು, ಅದರ ವೆಚ್ಚವೇನು, ಸಣ್ಣವನು ಒಬ್ಬನೇ ಹೊರಲಾರದ್ದನ್ನು ಯಾರು ಹೊರಬೇಕು, ಆ ಲೇಪದ ವಸ್ತುವನ್ನು ಕೊಳ್ಳುವ ದೊಡ್ಡವರ ಪಾಲೆಷ್ಟು ಎಂಬುದನ್ನು ವಿಚಾರಿಸದೆ, ಕೊಳವೆಯ ಕೊನೆಯಲ್ಲಿ ನಿಂತಿರುವ ದುರ್ಬಲನನ್ನು ಬೊಟ್ಟುಮಾಡಿ ತೋರಿಸುವುದು ಸತ್ಯದ ವೇಷದಲ್ಲಿ ನಡೆಯುವ ಅನ್ಯಾಯ.

೫

ಇನ್ನು ಭಾಷೆಯ ವಿಷಯ. ಕನ್ನಡಕ್ಕೆ ಈ ಕೆಲಸವು ಹೊಸದಲ್ಲ. ೧೯೧೮ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ನಡೆಯಿಸಿದರು. ೧೯೩೬ರಲ್ಲಿ ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಸಂಪುಟಗಳನ್ನು ಹೊರತಂದರು; ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ದೇಶದ ಪರಿಸರಸ್ಥಿತಿಯನ್ನು ಕುರಿತು ೧೯೮೨ರಲ್ಲಿ ಪ್ರಕಟಿಸಿದ ಪ್ರಜಾವರದಿಯನ್ನು ಕನ್ನಡಿಸಿದವರೂ ಅವರೇ. ೧೯೮೦ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪಿತವಾಯಿತು. ನಾಗೇಶ ಹೆಗಡೆಯವರಂತಹ ಪತ್ರಿಕಾಕರ್ತರು ದಶಕಗಳ ಕಾಲ ದಿನಪತ್ರಿಕೆಯ ಓದುಗರಿಗೆ ಪರಿಸರವಿಜ್ಞಾನವನ್ನು ಉಣಬಡಿಸಿದರು. ಹೀಗಿದ್ದರೂ ಭಾಷೆಯನ್ನು ಅಲಂಕಾರವೆಂದೇ ಎಣಿಸುವ ಅಭ್ಯಾಸವು ಹೋಗಿಲ್ಲ. ೨೦೨೦ರಲ್ಲಿ ಪರಿಸರ ಪರಿಣಾಮದ ನಿರ್ಣಯವನ್ನು ಕುರಿತ ಹೊಸ ನಿಯಮಗಳ ಕರಡನ್ನು ಕೇಂದ್ರ ಸರ್ಕಾರವು ಪ್ರಕಟಿಸಿದಾಗ ಅದು ಕನ್ನಡದಲ್ಲಿರಲಿಲ್ಲ. ಜನರ ಭಾಷೆಗಳಲ್ಲಿ ಅದಕ್ಕೆ ತಕ್ಕ ಪ್ರಚಾರವಾಗಿಲ್ಲವೆಂಬ ಕಾರಣದಿಂದ, ಆ ವರ್ಷದ ಆಗಸ್ಟ್ ತಿಂಗಳಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅಂತಿಮ ಅಧಿಸೂಚನೆಯನ್ನು ಕೆಲಕಾಲ ತಡೆಹಿಡಿಯಿತು. ಯಾರ ನೆಲ, ಯಾರ ನೀರು ಎಂಬುದು ಪ್ರಶ್ನೆಯಾಗಿರುವಾಗ, ಅವರಿಗೆ ತಿಳಿಯದ ಮಾತಿನಲ್ಲಿ ಅಭಿಪ್ರಾಯವನ್ನು ಕೇಳುವುದು ಕೇಳದಿರುವುದಕ್ಕೆ ಸಮಾನ.

ಹಳೆಯ ಮೈಸೂರಿನ ಕೆರೆಗಳಿಗೆ ನೀರುಗಂಟಿಯೆಂಬವನೊಬ್ಬನಿರುತ್ತಿದ್ದನು. ತೂಬನ್ನು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹೇಳುವುದು ಅವನ ಕೆಲಸ. ಅವನು ಕೆರೆಯನ್ನೂ ಬಲ್ಲವನು, ಊರನ್ನೂ ಬಲ್ಲವನು. ಕೆರೆಯ ಸ್ಥಿತಿಯನ್ನು ಊರಿನ ಮಾತಿನಲ್ಲಿ ಹೇಳಬಲ್ಲವನಾದುದರಿಂದಲೇ ಅವನ ಮಾತಿಗೆ ಬೆಲೆಯಿದ್ದಿತು. ಗದ್ದೆಗಳು ಹೋಗಿ ಮಹಡಿಗಳೆದ್ದ ಮೇಲೆ ಬೆಳ್ಳಂದೂರಿಗೂ ವರ್ತೂರಿಗೂ ಅಂತಹವನು ಬೇಡವಾದನು. ಕೆರೆಯ ಪರಿಚಯವು ಒಂದು ಕಡೆ ಮಾಪಕಯಂತ್ರಗಳಿಗೂ ಇನ್ನೊಂದು ಕಡೆ ಛಾಯಾಚಿತ್ರಗಳಿಗೂ ಹಂಚಿಹೋಯಿತು. ಈಗ ಶಿಕ್ಷಣದಿಂದ ಸಾಧಿಸಬೇಕಾದುದು ಆ ಎರಡನ್ನೂ ಮತ್ತೆ ಒಂದೆಡೆ ಕೂಡಿಸುವುದು.

ಅಂತಹ ಶಿಕ್ಷಣವು ಉಪನ್ಯಾಸಮಂದಿರದಲ್ಲಿ ಮುಗಿಯತಕ್ಕದ್ದಲ್ಲ. ಪತ್ರಿಕಾಕರ್ತನು ಕೆಲವು ದಿನವಾದರೂ ಪ್ರಯೋಗಶಾಲೆಯಲ್ಲಿ ನಿಂತು, ನೀರಿನ ಮಾದರಿಯನ್ನು ಹೇಗೆ ತೆಗೆಯುತ್ತಾರೆ, ಒಂದೇ ಬಾವಿಯ ನೀರು ಎರಡು ಋತುಗಳಲ್ಲಿ ಏಕೆ ಬೇರೆಬೇರೆ ಅಂಕಿಗಳನ್ನು ಕೊಡುತ್ತದೆ, ಒಂದು ಅಂಕಿಯಲ್ಲಿ ಎಷ್ಟು ದೋಷಕ್ಕೆ ಅವಕಾಶವಿದೆ ಎಂಬುದನ್ನು ಕಣ್ಣಾರೆ ಕಾಣಬೇಕು. ಶಾಸ್ತ್ರಜ್ಞನು ತನ್ನ ವರದಿಯನ್ನು ಹಿಡಿದು, ಆ ನೀರನ್ನು ಬಳಸುವ ಬೀದಿಯ ಜನರ ಮುಂದೆ ಕುಳಿತು, ಅವರ ಮಾತಿನಲ್ಲಿ ಓದಿ ಹೇಳಬೇಕು. ಲೀಟರಿಗೆ ಮಿಲಿಗ್ರಾಂ ಎಂದರೇನೆಂದು ಗೃಹಿಣಿಯೊಬ್ಬಳು ಕೇಳಿದಾಗ, ಒಂದು ಲೀಟರು ನೀರಿನಲ್ಲಿ ಒಂದು ಉಪ್ಪಿನ ಹರಳಿನಷ್ಟೂ ಇಲ್ಲದ ಅಣುಮಾತ್ರ ವಸ್ತುವು ಹೇಗೆ ಅನೇಕ ವರ್ಷಗಳಲ್ಲಿ ದೇಹಕ್ಕೆ ಕೇಡುಮಾಡಬಲ್ಲುದೆಂಬುದನ್ನು ಬಿಡಿಸಿ ಹೇಳುವ ತಾಳ್ಮೆ ಬೇಕು. ಹಾಗೆ ಹೇಳಲು ಹೊರಟಾಗ, ತನಗೇ ಪೂರ್ತಿಯಾಗಿ ತಿಳಿಯದಿದ್ದುದು ಯಾವುದೆಂದು ಆತನಿಗೂ ಗೋಚರವಾಗುತ್ತದೆ. ಕಲಿಸುವುದು ಕಲಿಕೆಯ ಅತ್ಯಂತ ಕಠಿನ ಪರೀಕ್ಷೆಯೆಂಬ ಮಾತು ಇಲ್ಲಿಯೂ ಸತ್ಯ.

ಇವರಿಬ್ಬರೂ ಸ್ನೇಹಿತರಾಗಬೇಕಾದರೂ ಒಬ್ಬರಿಗೊಬ್ಬರು ದಾಸರಾಗಬಾರದು. ಶಾಸ್ತ್ರಜ್ಞನ ಮಾತನ್ನು ಪ್ರಶ್ನಿಸದೆ ಅಚ್ಚುಹಾಕುವ ಪತ್ರಿಕಾಕರ್ತನು ಬರಿಯ ಡಂಗುರದವನು. ಪತ್ರಿಕೆಯಲ್ಲಿ ಹೆಸರು ಬರುವುದೆಂಬ ಆಸೆಯಿಂದ ಅಂಕಿಯನ್ನು ಹಿಗ್ಗಿಸುವ ಶಾಸ್ತ್ರಜ್ಞನು ತನ್ನ ಶೀಲವನ್ನೇ ಮಾರಿಕೊಂಡವನು. ಪ್ರಯೋಗಕ್ಕೆ ಹಣವನ್ನು ಕೊಟ್ಟವರು ಯಾರು, ಫಲಿತಾಂಶದಿಂದ ಲಾಭಪಡುವವರು ಯಾರು ಎಂದು ಒಬ್ಬನು ಕೇಳಬೇಕು, ಇನ್ನೊಬ್ಬನು ಬೇಸರವಿಲ್ಲದೆ ಹೇಳಬೇಕು.

ಕೇಳುವವರಿಗೂ ಧರ್ಮವೊಂದುಂಟು. ೧೯೭೬ರಲ್ಲಿ ಸಂವಿಧಾನಕ್ಕೆ ಸೇರಿಸಿದ ಮೂಲಕರ್ತವ್ಯಗಳಲ್ಲಿ ಕೆರೆ ನದಿ ಕಾಡುಗಳ ರಕ್ಷಣೆಯೂ, ವೈಜ್ಞಾನಿಕ ಮನೋಭಾವದ ಬೆಳವಣಿಗೆಯೂ ಒಂದರ ಪಕ್ಕದಲ್ಲೊಂದು ನಿಂತಿವೆ. ಅವು ನೆರೆಹೊರೆಯಾಗಿರುವುದು ಅರ್ಥಪೂರ್ಣವಾಗಿದೆ. ತಿಳಿವಳಿಕೆಯಿಲ್ಲದ ರಕ್ಷಣೆಯು ಆವೇಶವಾಗುತ್ತದೆ, ರಕ್ಷಣೆಗೆ ಒದಗದ ತಿಳಿವಳಿಕೆಯು ಬರಿಯ ಪಾಂಡಿತ್ಯವಾಗುತ್ತದೆ. ನೊರೆ ಹಾರಿದ ದಿನ ಮಾತ್ರ ಕೆರೆಯನ್ನು ನೆನೆಯುವ ಓದುಗರಿಗೆ, ನೊರೆ ಹಾರಿದ ದಿನ ಮಾತ್ರ ಬರೆಯುವ ಪತ್ರಿಕೆಯೇ ದೊರೆಯುವುದು. ಕೋಡಿಯಲ್ಲಿ ನೊರೆಯಿಲ್ಲದ ತಿಂಗಳಿನಲ್ಲಿಯೂ ‘ಈಗ ನೀರು ಹೇಗಿದೆ?’ ಎಂದು ಕೇಳುವ ಜನರಿದ್ದರೆ, ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳದೆ ಶಾಸ್ತ್ರಜ್ಞನಿಗೆ ವಿಧಿಯಿಲ್ಲ, ಅದನ್ನು ಅಚ್ಚುಮಾಡದೆ ಪತ್ರಿಕೆಗೆ ವಿಧಿಯಿಲ್ಲ. ಅರಿತವರ ಋಣವು ಹೇಳುವುದರಿಂದ ತೀರುತ್ತದೆ; ಆ ಋಣವನ್ನು ವಸೂಲು ಮಾಡಿಕೊಳ್ಳುವ ಬಾಧ್ಯತೆಯು ಕೇಳುವವರದು.